ಅತ್ತೆಯ ಮೊಣಕೈ ನಲ್ಲಿ

ಮೊನ್ನೆ ಚಿಕ್ಕಮಗಳೂರಿನ ಹೋಟೆಲೊಂದರ ಕೈ ತೊಳೆಯುವ ಜಾಗದಲ್ಲಿ ಗುರುತು ಪರಿಚಯವಿಲ್ಲದ ಹಿರಿಯರೊಬ್ಬರು ಪಂಚೆ ಮೇಲೆತ್ತಿ ನನಗೆ ತಮ್ಮ ಮೊಣಕಾಲು ತೋರಿಸಿದರು.

ನಾನು ಮಸಾಲೆ ದೋಸೆ ಮುಗಿಸಿ ಕೈ ತೊಳೆಯಲು ಬಂದಿದ್ದೆ, ಅಷ್ಟೇ. ಪರರ ಮೊಣಕಾಲು ನೋಡುವ ಉದ್ದೇಶವಾಗಲಿ ಅರ್ಹತೆಯಾಗಲಿ ನನಗಿರಲಿಲ್ಲ.

"ಎಡಗಾಲು ಸಾರ್. ಮೆಟ್ಲು ಹತ್ತೋವಾಗ ಕಟಕಟ ಅಂತದೆ. ವಾತ ಇರಬಹುದಾ?"

"ನಾನು ಡಾಕ್ಟ್ರಲ್ಲ. ಹೈಸ್ಕೂಲ್ ಮೇಷ್ಟ್ರು," ಎಂದೆ.

ಅವರು ಪಂಚೆ ಇಳಿಸಿದರು. ಮುಖದಲ್ಲಿ ಮೋಸಹೋದವರ ಕಳೆ. "ಮತ್ತೆ ಆ ನಲ್ಲಿನ ಮೊಣಕೈಯಲ್ಲಿ ಯಾಕೆ ತೀಡ್ತಿದ್ರಿ?"

ಆಗ ನೋಡಿಕೊಂಡೆ. ಹೌದು, ಹೋಟೆಲಿನ ಆ ಗುಂಡುತಲೆಯ ನಲ್ಲಿಯನ್ನು ನಾನು ಬಲ ಮೊಣಕೈಯಿಂದ ಬಹಳ ಹೊತ್ತಿನಿಂದ ತೀಡುತ್ತಲೇ ಇದ್ದೆ. ನಲ್ಲಿ ಜಗ್ಗಿರಲಿಲ್ಲ. ಹಿಂದೆ ಕ್ಯೂ ಬೆಳೆದಿತ್ತು. ಆಪರೇಷನ್ ಮುಗಿಸಿ ಬಂದ ಸರ್ಜನ್ನರು ಹೀಗೆ ಮಾಡುವುದನ್ನು ಆ ಹಿರಿಯರು ಎಲ್ಲೋ ಕಂಡಿರಬೇಕು. ಅವರ ತರ್ಕದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ನನ್ನ ಅಭ್ಯಾಸದಲ್ಲಿ. ಆ ಅಭ್ಯಾಸ ಕಲಿಸಿದ್ದು ಯಾವ ಮೆಡಿಕಲ್ ಕಾಲೇಜೂ ಅಲ್ಲ, ನಮ್ಮ ಸಾವಿತ್ರತ್ತೆ. ವಾಪಸು ಬಸ್ಸಿನಲ್ಲಿ ಕೂತು ಮೂಡಿಗೆರೆ ದಾಟುವವರೆಗೂ ನನಗೆ ಅದೇ ಧ್ಯಾನ, ಅದೇ ಹಿಗ್ಗು. ಪಕ್ಕದವರು ಒಮ್ಮೆ ತಿರುಗಿ ನೋಡಿದರು. ಒಬ್ಬನೇ ನಗುತ್ತಿದ್ದೆ ಅಂತ ಕಾಣುತ್ತದೆ.

ನಮ್ಮ ಮನೆ ಕಳಸದ ಕಡೆಗೆ. ಸಣ್ಣ ಕಾಫಿ ಹಿಡುವಳಿ. ಎಸ್ಟೇಟು ಎಂದು ಕರೆದುಕೊಳ್ಳಲು ನಮಗೇ ನಾಚಿಕೆ, ತೋಟ ಎಂದರೆ ಚಿಕ್ಕಯ್ಯನಿಗೆ ಕೋಪ. ಮನೆಯ ಹಿಂದೆ ಗುಡ್ಡ, ಗುಡ್ಡದ ಮೇಲೊಂದು ಒರತೆ. ಆ ಒರತೆಯ ನೀರು ಮೊದಲು ಮರದ ದಬ್ಬೆಯಲ್ಲಿ, ಆಮೇಲೆ ಕರಿ ಪೈಪಿನಲ್ಲಿ ಇಳಿದು ಬಂದು ಹಿತ್ತಲ ಕಲ್ಲಿನ ಮೇಲೆ ಹಗಲೂ ರಾತ್ರಿ ಬೀಳುತ್ತಿತ್ತು. ನಾವು ಅದನ್ನು ಅಬ್ಬಿ ಎನ್ನುತ್ತಿದ್ದೆವು. ತೆರೆಯುವಂತಿಲ್ಲ, ಮುಚ್ಚುವಂತಿಲ್ಲ. ಕೈ ಒಡ್ಡಿದರೆ ನೀರು, ತಲೆ ಒಡ್ಡಿದರೆ ಸ್ನಾನ. ಬಿದ್ದ ನೀರು ಕಾಲುವೆ ಹಿಡಿದು ಬಸಳೆ ಚಪ್ಪರದ ಬುಡಕ್ಕೆ ಹೋಗುತ್ತಿತ್ತು. ಚಿಕ್ಕಂದಿನಲ್ಲಿ ನಾನು, ಜಗತ್ತಿನಲ್ಲಿ ನೀರೆಂದರೆ ಹೀಗೇ ಬೀಳುತ್ತಿರುವ ವಸ್ತು ಎಂದು ನಂಬಿದ್ದೆ. ಮೂಡಿಗೆರೆಯಲ್ಲಿ ಮೊದಲ ಸಲ ನಲ್ಲಿ ಕಂಡಾಗ ಅದರ ಕೆಳಗೆ ಕೈ ಹಿಡಿದು ಸುಮ್ಮನೆ ನಿಂತಿದ್ದೆನಂತೆ. ಅಮ್ಮ ಈಗಲೂ ಅದನ್ನು ಬಂದವರಿಗೆಲ್ಲ ಹೇಳುತ್ತಾಳೆ.

ಸಾವಿತ್ರತ್ತೆ ಅಪ್ಪಯ್ಯನ ಅಕ್ಕ, ಮನೆಗೇ ಹಿರಿಯಳು. ಎಳವೆಯಲ್ಲಿ ಬಂದ ಜ್ವರವೊಂದು ಅವಳ ಎಡಗೈಯ ಶಕ್ತಿಯನ್ನು ತೆಗೆದುಕೊಂಡು ಹೋಗಿತ್ತು. ಕೈ ಇತ್ತು, ಬಳೆಯೂ ಇತ್ತು. ಹೇಳಿದ ಮಾತು ಮಾತ್ರ ಕೇಳುತ್ತಿರಲಿಲ್ಲ. ಅವಳನ್ನು ನೋಡಲು ಬಂದ ವರಗಳೆಲ್ಲ ಎಡಗೈ ನೋಡಿ ಬೇಡವೆಂದು ಹೋದರೆಂದು ಊರು ಹೇಳುತ್ತದೆ. ಅತ್ತೆಯ ಪ್ರಕಾರ ಬೇಡವೆಂದದ್ದು ಅವಳು. ಎರಡನ್ನೂ ಕೇಳಿದ ನನಗೆ ಅತ್ತೆಯ ವರದಿಯಲ್ಲೇ ಹೆಚ್ಚು ನಂಬಿಕೆ. ಒಂದೇ ಕೈಯಲ್ಲಿ ಅವಳು ತೆಂಗಿನಕಾಯಿ ತುರಿಯುತ್ತಿದ್ದಳು, ಹೂವಿನ ದಂಡೆಯ ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ ಕಟ್ಟುತ್ತಿದ್ದಳು, ನನ್ನ ಕಿವಿ ಹಿಂಡುತ್ತಿದ್ದಳು. ಅವಳಿಗೆ ಕೈ ಸರಿಯಿಲ್ಲ ಎಂಬುದು ನನಗೆ ತಿಳಿದದ್ದೇ ಮನೆಗೆ ಸಿಂಕು ಬಂದ ಮೇಲೆ.

ಸಿಂಕಿನ ಆಗಮನಕ್ಕೆ ಬರುವ ಮೊದಲು ಎಂಜಲಿನ ವಿಚಾರ ಹೇಳಬೇಕು. ಅದಿಲ್ಲದೆ ಈ ಕಥೆಯ ಕೀಲು ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಉಂಡ ಬಲಗೈ, ತೊಳೆಯುವವರೆಗೂ ಅಪರಾಧಿ. ಅದು ಸೌಟು ಮುಟ್ಟುವಂತಿಲ್ಲ, ನೀರಿನ ಚೊಂಬು ಮುಟ್ಟುವಂತಿಲ್ಲ, ಬಾಗಿಲ ಚಿಲಕ ಮುಟ್ಟುವಂತಿಲ್ಲ. ಎಲ್ಲವನ್ನೂ ಎಡಗೈ ಮಾಡಬೇಕು. ಈ ಕಾನೂನಿನ ಪೊಲೀಸು, ವಕೀಲ, ನ್ಯಾಯಾಧೀಶ ಮೂರೂ ಸಾವಿತ್ರತ್ತೆ. "ಏಯ್ ಮಾಣಿ, ಎಂಜಲು ಕೈ!" ಎಂಬ ಕೂಗಿಗೆ ನನ್ನ ಬಾಲ್ಯ ಅದೆಷ್ಟು ಸಲ ಬೆಚ್ಚಿಬಿದ್ದಿದೆಯೋ. ಇನ್ನೊಂದು ಕಾನೂನು: ಪಂಕ್ತಿಯಲ್ಲಿ ಹಿರಿಯರು ಏಳದೆ ಬೇರೆ ಯಾರೂ ಏಳುವಂತಿಲ್ಲ. ಹಿರಿಯಳು ಯಾರು? ಅತ್ತೆ. ಅವಳು ಉಂಡು ಎದ್ದು, ಅಬ್ಬಿಯ ಕೆಳಗೆ ಬಲಗೈ ಒಡ್ಡಿ ತೊಳೆದು ಬರುತ್ತಿದ್ದಳು. ಹಿಂದೆಯೇ ನಾವೆಲ್ಲ. ಅಲ್ಲಿ ಎಡಗೈಗೆ ಕೆಲಸವೇ ಇರಲಿಲ್ಲ ನೋಡಿ.

ತೊಂಬತ್ತರ ದಶಕದ ನಡುವೆ ಕಾಫಿಗೆ ಒಳ್ಳೆ ರೇಟು ಬಂತು. ಆಗ ನಮ್ಮ ಕಡೆ ಮನೆಮನೆಗೂ ಏನಾದರೊಂದು ಬಂತು. ಕೆಲವರಿಗೆ ಜೀಪು, ಕೆಲವರಿಗೆ ಮೊಸಾಯಿಕ್ಕು. ಅಪ್ಪಯ್ಯ ತೀರಿಕೊಂಡ ಮೇಲೆ ಯಜಮಾನಿಕೆ ನೋಡುತ್ತಿದ್ದ ನಮ್ಮ ಶೀನ ಚಿಕ್ಕಯ್ಯನಿಗೆ ಸಿಂಕು ಬಂತು. ಮಲ್ಲಂದೂರಿನ ನೆಂಟರ ಮನೆಯಲ್ಲಿ ಒಂದನ್ನು ಕಂಡು ಬಂದವರು ಊಟ ನಿದ್ದೆ ಬಿಟ್ಟರು. ಬಿಳಿ ಪಿಂಗಾಣಿ ಸಿಂಕು ಹುಲ್ಲು ಸುತ್ತಿದ ಪೆಟ್ಟಿಗೆಯಲ್ಲಿ ಬಂತು. ಜೊತೆಗೆ ಹೊಳೆಯುವ ಗುಂಡುತಲೆಯ ನಲ್ಲಿ. ಅಬ್ಬಿಯ ಪೈಪನ್ನು ತಿರುಗಿಸಿ ಅಟ್ಟದ ಟ್ಯಾಂಕಿಗೆ ಬಿಟ್ಟರು. ಹಿತ್ತಲ ಕಲ್ಲು ಒಣಗಿತು. ಊಟದ ಜಗಲಿಯ ಮೂಲೆಯಲ್ಲಿ ಸಿಂಕು ಪ್ರತಿಷ್ಠಾಪನೆಗೊಂಡಿತು. ಪ್ರತಿಷ್ಠಾಪನೆ ಎಂಬ ಮಾತನ್ನು ತೂಕ ಮಾಡಿಯೇ ಬಳಸುತ್ತಿದ್ದೇನೆ. ಕುಂಕುಮ ಇಟ್ಟರು. ಕಾಯಿ ಒಡೆದರು. ಕಾಯಿಯ ನೀರು ಸಿಂಕಿನ ತೂತಿನಲ್ಲಿ ಸರಾಗವಾಗಿ ಇಳಿದುಹೋದದ್ದನ್ನು ಎಲ್ಲರೂ ಬಗ್ಗಿ ನೋಡಿ ಸಂತೋಷಪಟ್ಟೆವು.

ಅವತ್ತು ಮಧ್ಯಾಹ್ನ ಊಟ ಮುಗಿಯಿತು. ಅತ್ತೆ ಎದ್ದಳು. ಸಿಂಕಿನ ಮುಂದೆ ನಿಂತಳು. ಬಲಗೈ ಎಂಜಲು. ಎಡಗೈ ತನ್ನ ಪಾಡಿಗೆ ಸೆರಗಿನ ಮರೆಯಲ್ಲಿ. ಎದುರಿಗೆ, ಕೈಯಿಂದ ಹಿಡಿದು ಎರಡು ಮೂರು ಸುತ್ತು ತಿರುಗಿಸಿದರಷ್ಟೇ ನೀರು ಕೊಡುವ ನಲ್ಲಿ.

ಅತ್ತೆ ನಲ್ಲಿ ನೋಡಿದಳು. ನಾವು ಅತ್ತೆಯನ್ನು ನೋಡಿದೆವು. ನಲ್ಲಿ ಯಾರನ್ನೂ ನೋಡಲಿಲ್ಲ.

"ಎಂಜಲು ಕೈಯಲ್ಲೇ ತಿರುಗ್ಸು ಅಕ್ಕ, ಆಮೇಲೆ ತೊಳೆದರಾಯ್ತು," ಎಂದರು ಚಿಕ್ಕಯ್ಯ ಮೆಲ್ಲಗೆ.

"ಯಾರು? ನಾನಾ?" ಎಂದಳು ಅತ್ತೆ.

ಅಷ್ಟೇ. ಚಿಕ್ಕಯ್ಯ ತಲೆ ತಗ್ಗಿಸಿದರು. ಅಮ್ಮ ಓಡಿಹೋಗಿ ತನ್ನ ಎಡಗೈಯಿಂದ ನಲ್ಲಿ ತಿರುಗಿಸಿದಳು. ಅತ್ತೆ ತೊಳೆದುಕೊಂಡು ಒಳಗೆ ಹೋದಳು.

ಮಾರನೇ ದಿನ ಅತ್ತೆ ಉಂಡಳು. ಎಲೆ ಮಡಿಸಿದಳು. ಏಳಲಿಲ್ಲ. ಗೋಡೆಗೊರಗಿ, ಬಲಗೈಯನ್ನು ಎಲೆಯ ಮೇಲೆ ಇಟ್ಟುಕೊಂಡು, ಮಾಡಿನ ಹಂಚು ನೋಡುತ್ತ ಕೂತಳು. ಅವಳು ಏಳದೆ ನಾವು ಏಳುವಂತಿಲ್ಲ. ನಮ್ಮ ಕೈಯ ಸಾರನ್ನ ಒಣಗಿ, ಬಿಗಿದು, ಬಿರುಕು ಬಿಡತೊಡಗಿತು. ತುಪ್ಪ ಹಾಕಿಕೊಂಡವರದ್ದು ಹೆಪ್ಪುಗಟ್ಟಿತು. ಕಡೆಗೆ ಅಮ್ಮ, "ಅತ್ತಿಗೆ, ಏಳ್ತೀರಾ?" ಎಂದಾಗ ಅತ್ತೆ ಹೇಳಿದಳು: "ಏಳದು ಕಷ್ಟ ಅಲ್ಲ ಮಾರಾಯ್ತಿ. ಎದ್ದು ಅಲ್ಲಿ ಕಾಯದು ಕಷ್ಟ. ಕಾಯದಾದ್ರೆ ಕೂತೇ ಕಾಯ್ತೀನಿ."

ಆಮೇಲೆ ಅವಳು ಪಂಕ್ತಿಗೆ ಬರುವುದನ್ನೇ ಬಿಟ್ಟಳು. "ನಂಗೆ ಆಮೇಲೆ, ನೀವು ಉಣ್ಣಿ," ಎನ್ನುವುದು. ಎಲ್ಲರದ್ದೂ ಆದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಕೂತು, ಪಕ್ಕದಲ್ಲಿ ಬಕೆಟ್ಟು ಇಟ್ಟುಕೊಂಡು, ಅದರಲ್ಲೇ ಕೈ ಅದ್ದಿ ತೊಳೆಯುವುದು. ಮನೆಯ ಹಿರಿಯಳು! ನಾವು ಸುಲಭದ ಪರಿಹಾರಗಳನ್ನೆಲ್ಲ ಹೇಳಿ ನೋಡಿದೆವು. ಊಟಕ್ಕೆ ಮೊದಲೇ ನಲ್ಲಿ ತೆರೆದಿಟ್ಟರೆ? ಟ್ಯಾಂಕು ಸಾರಿನ ಹೊತ್ತಿಗೇ ಖಾಲಿ. ಚಮಚದಲ್ಲಿ ಉಂಡರೆ? "ಚಮಚದಲ್ಲಿ ಅನ್ನ ಕಲಸಿ ತೋರ್ಸು, ನೋಡನ," ಎಂದಳು. ಚಿಕ್ಕಯ್ಯ ಪಾಪ, ಮನಸ್ಸು ಕಲ್ಲು ಮಾಡಿಕೊಂಡು, ಹಿತ್ತಲಿಗೆ ಮತ್ತೆ ಅಬ್ಬಿ ಬಿಡುತ್ತೇನೆ ಎಂದರು. ಅತ್ತೆ ಒಪ್ಪುತ್ತಾಳೆಂದು ನಾವೆಲ್ಲ ತಿಳಿದೆವು.

"ಯಾಕೆ? ನೀವೆಲ್ಲ ಬೆಳ್ಳಗಿನ ಸಿಂಕಲ್ಲಿ ತೊಳೆಯದು, ನಾನೊಬ್ಳು ಹಿತ್ತಲಿಗೆ ಹೋಗದಾ? ನಂಗೂ ಆ ಸಿಂಕು ಚಂದ ಕಾಣ್ತದೆ ಶೀನ. ನಾನೂ ಅಲ್ಲೇ ತೊಳೀಬೇಕು. ನಾನೇ ತೊಳೀಬೇಕು."

ಚಿಕ್ಕಯ್ಯನ ಮುಖ ಅರಳಿದ್ದನ್ನು ನಾನು ಕಂಡೆ. ಅಕ್ಕನಿಗೆ ಸಿಂಕು ಚಂದ ಕಂಡಿದೆ! ಅದೇ ಗಳಿಗೆಯಿಂದ ಆ ಮನುಷ್ಯ ಬೇರೆಯೇ ಆದರು. ಕೊಯ್ಲು ಮುಗಿದ ಮೇಲೆ ವರ್ಷವೂ ನಮ್ಮಲ್ಲಿ ಸತ್ಯನಾರಾಯಣ ಪೂಜೆ. ಮಲ್ಲಂದೂರು, ವಸ್ತಾರೆ ಕಡೆಯಿಂದೆಲ್ಲ ನೆಂಟರು ಬರುತ್ತಾರೆ. ಪಂಕ್ತಿಯ ತಲೆಗೆ ಅತ್ತೆ ಕೂರಬೇಕು. ಈ ಸಲ ಅವಳು ಅಡುಗೆಮನೆಯ ಮೂಲೆಯಲ್ಲಿ ಬಕೆಟ್ಟಿನ ಜೊತೆ ಕೂತರೆ? "ಪೂಜೆ ಒಳಗೆ ಅಕ್ಕ ಆ ಸಿಂಕಲ್ಲಿ ಕೈ ತೊಳೀಬೇಕು. ಇಲ್ದಿದ್ರೆ ಸಿಂಕು ಕಿತ್ತು ಹೊಳೆಗೆ ಹಾಕ್ತೀನಿ," ಎಂದು ಚಿಕ್ಕಯ್ಯ ಜಗಲಿಯಲ್ಲಿ ನಿಂತು ಘೋಷಿಸಿದರು. ಘೋಷಿಸಿ ನನ್ನ ಕಡೆ ತಿರುಗಿದರು. "ನೀನು ಸೈನ್ಸ್ ಮೇಷ್ಟ್ರು ತಾನೆ?"

ನಾನು ಆಗ ಮೂಡಿಗೆರೆಯಲ್ಲಿ ಎಂಟನೇ ತರಗತಿಗೆ ಸನ್ನೆಗೋಲಿನ ಪಾಠ ಮಾಡುತ್ತಿದ್ದೆ. ಶನಿವಾರ ಊರಿಗೆ ಬಂದವನು, ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ ಸನ್ನೆಯ ತತ್ವ ವಿವರಿಸಿದೆ. ಒಂದು ಉದ್ದ ಕೋಲು ಸಾಕು, ಮೊಣಕೈಯಿಂದ ತಳ್ಳಿದರೂ ನಲ್ಲಿ ತಿರುಗುತ್ತದೆ ಎಂದೆ. ಕಾಫಿ ಗಿಡದ ಗಟ್ಟಿ ಕೋಲೊಂದನ್ನು ನಲ್ಲಿಯ ತಲೆಗೆ ತಂತಿಯಿಂದ ಬಿಗಿದೆ. ಅತ್ತೆ ಮೊಣಕೈಯಿಂದ ತಳ್ಳಿದಳು. ಕೋಲು ಘನವಾಗಿ ತಿರುಗಿತು. ಕಾಲು ಸುತ್ತು ಹೋಗಿ ಗೋಡೆಗೆ ಟಣ್ಣೆಂದು ಬಡಿದು ನಿಂತಿತು. ನಲ್ಲಿಗೆ ಬೇಕಾದದ್ದು ಎರಡು ಮೂರು ಸುತ್ತು. ನನ್ನ ಪಾಠದಲ್ಲಿ ಗೋಡೆ ಇರಲಿಲ್ಲ.

ಒಂದು ಹನಿ ಇಳಿಯಿತು. ಸ್ವಲ್ಪ ಯೋಚಿಸಿ ಇನ್ನೊಂದು.

"ತೀರ್ಥಕ್ಕೆ ಸಾಕು," ಎಂದಳು ಅತ್ತೆ.

ಆದರೆ ಅವಳು ನಕ್ಕಿದ್ದಳು! ಸಿಂಕು ಬಂದ ಮೇಲೆ ಮೊದಲ ಸಲ. ಚಿಕ್ಕಯ್ಯ ಅದನ್ನು ಗೆಲುವೆಂದೇ ತೆಗೆದುಕೊಂಡರು. ಮುಂದಿನ ಶನಿವಾರ ನಾನು ಬರುವ ಹೊತ್ತಿಗೆ ಅವರದ್ದೇ ಸಂಶೋಧನೆ ಸಿದ್ಧವಾಗಿತ್ತು. ಕೊಳೆರೋಗ ಬಾರದಿರಲೆಂದು ಕಾಫಿ ಗಿಡಕ್ಕೆ ಮೈಲುತುತ್ತ, ಸುಣ್ಣ ಹೊಡೆಯುವ, ಕಾಲಲ್ಲಿ ತುಳಿಯುವ ಪಂಪು ನಿಮಗೆ ಗೊತ್ತಲ್ಲ? ಅದನ್ನು ಸಿಂಕಿನ ಕೆಳಗೆ ಕೂರಿಸಿದ್ದರು. ಕೈಯೇ ಬೇಡ, ಕಾಲಲ್ಲಿ ತುಳಿದರೆ ನೀರು! ವಿಚಾರ ಅದ್ಭುತ ಎಂಬುದರಲ್ಲಿ ನನಗೆ ಇಂದಿಗೂ ಅನುಮಾನವಿಲ್ಲ. ಪಂಪನ್ನು ಚೆನ್ನಾಗಿ ತೊಳೆದಿದ್ದರು. ಮರೆತದ್ದು ಒಂದೇ. ಪೈಪಿನ ತುದಿಯ ಆ ಮೂತಿ, ಎಲೆಯ ಅಡಿಮೈಗೆ ತಾಗಲಿ ಎಂದು ಮೇಲ್ಮುಖವಾಗಿ ಬೀಸಣಿಗೆಯಂತೆ ಹೊಡೆಯಲು ಮಾಡಿದ್ದು.

"ತುಳಿ ಅಕ್ಕ, ಗಟ್ಟಿಯಾಗಿ ತುಳಿ!"

ಅತ್ತೆ ತುಳಿದಳು. ಜುಯ್ ಎಂದಿತು. ಮೂತಿಯೊಳಗೆ ಎಲ್ಲೋ ಉಳಿದಿದ್ದ ಮೈಲುತುತ್ತದ ನೀಲಿಯನ್ನೂ ಹೊತ್ತುಕೊಂಡು ಮಂಜಿನಂಥ ನೀರು ಎದ್ದು, ಗೋಡೆ, ಕನ್ನಡಿ, ಅತ್ತೆಯ ಸೆರಗು ಎಲ್ಲವನ್ನೂ ಆವರಿಸಿತು. ತೊಯ್ಯದೆ ಉಳಿದದ್ದು ಅವಳ ಎಂಜಲು ಕೈ ಒಂದೇ. ಅಮ್ಮ ಕಿರುಚಿದಳು. ಚಿಕ್ಕಯ್ಯ ಮಾತ್ರ, "ಪ್ರೆಷರ್ ನೋಡಿ, ಪ್ರೆಷರ್!" ಎಂದು ಕುಣಿಯುತ್ತಿದ್ದರು.

ಅತ್ತೆ ಕಣ್ಣೊರೆಸಿಕೊಂಡು ಕೇಳಿದಳು: "ಶೀನಾ, ನಂಗೇನು ಕೊಳೆರೋಗ ಬಂದಿದ್ಯನಾ?"

ಪಂಪು ವಾಪಸು ಶೆಡ್ಡಿಗೆ ಹೋಯಿತು. ಪೂಜೆ ಹತ್ತಿರವಾಗುತ್ತಿತ್ತು. ಅತ್ತೆ ಇನ್ನೂ ಬಕೆಟ್ಟಿನ ಪಕ್ಕದಲ್ಲೇ ಉಣ್ಣುತ್ತಿದ್ದಳು. ಚಿಕ್ಕಯ್ಯನ ಉತ್ಸಾಹ ಮೊದಲ ಸಲ ಕುಂದಿತು, ತಲೆ ಸುತ್ತು ಎಂದರು. ನಾನು ಅವರನ್ನು ಚಿಕ್ಕಮಗಳೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಈಗ ಬರುವುದು ನೋಡಿ, ನಮ್ಮ ಮನೆತನದ ಇತಿಹಾಸದ ಮಹಾ ಗಳಿಗೆ. ಡಾಕ್ಟರು ಹಿಂದಿನ ರೋಗಿಯ ಗಾಯಕ್ಕೆ ಪಟ್ಟಿ ಕಟ್ಟಿ ಮುಗಿಸಿ ಕೈ ತೊಳೆಯಲು ಹೋದರು. ಮೂಲೆಯಲ್ಲೊಂದು ಸಿಂಕು. ಮೇಲೊಂದು ನಲ್ಲಿ. ನಲ್ಲಿಗೆ ಗೇಣುದ್ದದ ಒಂದು ಹಿಡಿ, ಪಕ್ಕಕ್ಕೆ ಚಾಚಿಕೊಂಡದ್ದು. ಡಾಕ್ಟರು ಎರಡೂ ಕೈ ಮೇಲೆ ಹಿಡಿದುಕೊಂಡೇ ಮೊಣಕೈಯಿಂದ ಆ ಹಿಡಿಯನ್ನು ಹೀಗೆ, ಸುಮ್ಮನೆ, ಮಗುವಿನ ಕೆನ್ನೆ ಸವರಿದಂತೆ ತಳ್ಳಿದರು. ಧೋ ಎಂದು ನೀರು! ತೊಳೆದರು. ಮತ್ತೆ ಮೊಣಕೈ. ನೀರು ಬಂದ್!

ಚಿಕ್ಕಯ್ಯ ನನ್ನ ತೊಡೆ ಹಿಡಿದು ಹಿಂಡಿದರು. ಆ ಗುರುತು ಬಹಳ ದಿನ ಇತ್ತು.

"ಡಾಕ್ಟ್ರೇ, ಇನ್ನೊಂದ್ಸಲ!"

"ಏನು ಇನ್ನೊಂದ್ಸಲ?"

"ಕೈ ತೊಳೀರಿ ಡಾಕ್ಟ್ರೇ, ಇನ್ನೊಂದ್ಸಲ ತೊಳೀರಿ!"

ಡಾಕ್ಟರು ತಮ್ಮ ಕೈ ನೋಡಿಕೊಂಡರು. ಕೊಳೆ ಉಳಿದಿದೆ ಎಂದುಕೊಂಡಿರಬೇಕು. ಮತ್ತೆ ತೊಳೆದರು. ಅಷ್ಟರಲ್ಲಿ ಚಿಕ್ಕಯ್ಯ ಸಿಂಕಿನ ಬಳಿಗೇ ಹೋಗಿ ಬಗ್ಗಿ, ಹಿಡಿಯ ಬುಡ, ಕೀಲು, ಗೋಡೆಯಿಂದ ಎಷ್ಟು ದೂರ ಎಲ್ಲವನ್ನೂ ಪರೀಕ್ಷಿಸತೊಡಗಿದರು. "ಕಾಲೇ ಸುತ್ತು ಕಣೋ! ಗೋಡೆಗೆ ಬಡಿಯಲ್ಲ!" ಎಂದು ನನಗೆ ಕೂಗಿ ಹೇಳಿದರು. ಆಮೇಲೆ ಡಾಕ್ಟರು ಅವರ ಬಿ.ಪಿ. ನೋಡಿದರು. ಗಾಬರಿಯಾಗಿ, "ಏನ್ರೀ ಇಷ್ಟಿದೆ? ಏನಾದ್ರೂ ಟೆನ್ಷನ್ನಾ?" ಎಂದರು.

"ಟೆನ್ಷನ್ ಎಂತದೂ ಇಲ್ಲ ಡಾಕ್ಟ್ರೇ. ಖುಷಿ!"

ಮಾತ್ರೆಯ ಚೀಟಿ ಜೇಬಿಗೆ ಸೇರಿತು. ನಾವು ನೇರವಾಗಿ ಹಾರ್ಡ್‌ವೇರ್ ಅಂಗಡಿಗೆ ಓಡಿದೆವು. ಓಡಿದೆವು ಎಂದರೆ ಓಡಿದೆವು. ತಲೆಸುತ್ತಿನ ರೋಗಿ ಮುಂದೆ, ಅಟೆಂಡರು ಹಿಂದೆ.

"ಎಲ್ಬೋ ಟ್ಯಾಪಾ? ಯಾವ ಆಸ್ಪತ್ರೆಗೆ ಸಾರ್?" ಎಂದ ಅಂಗಡಿಯವ.

"ಆಸ್ಪತ್ರೆಗಲ್ಲ. ನಮ್ಮನೆಗೆ."

"ಮನೆಗೆ ಯಾರೂ ಹಾಕ್ಸಲ್ಲ ಸಾರ್ ಅದನ್ನ. ಮನೇಲಿ ಯಾರು ಪೇಷಂಟು?"

ಚಿಕ್ಕಯ್ಯ ಎದೆ ಸೆಟೆಸಿ ನಿಂತರು. "ಪೇಷಂಟು ಯಾರೂ ಇಲ್ಲ. ಕೈ ತೊಳೆಯೋರು ಇದ್ದಾರೆ."

ಮಂಗಳೂರಿಂದ ತರಿಸಬೇಕು ಎಂದ. ತರಿಸಿ ಎಂದೆವು. ಪೂಜೆಗೆ ಬಂದೀತೋ ಇಲ್ಲವೋ ಎಂದು ಚಿಕ್ಕಯ್ಯ ದಿನವೂ ಕಳಸದ ಬಸ್‌ಸ್ಟ್ಯಾಂಡಿಗೆ ಹೋಗಿ ಬಸ್ಸು ಕಾದರು. ಗಂಡನ ಮನೆಯಿಂದ ಬರುವ ಮಗಳನ್ನು ಕಾಯುವವರೂ ಅಷ್ಟು ಕಾಯುವುದಿಲ್ಲ. ಬಂತು, ಪೂಜೆಗೆ ಎರಡೇ ದಿನ ಇರುವಾಗ, ಕಂಡಕ್ಟರನ ಸೀಟಿನ ಕೆಳಗೆ, ಗೋಣಿ ಸುತ್ತಿದ ಕಟ್ಟಿನಲ್ಲಿ. ಮನೆಗೆ ಬರುವವರೆಗೂ ಚಿಕ್ಕಯ್ಯನಿಗೆ ತಡೆಯಲಾಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲೇ ಗೋಣಿ ಬಿಚ್ಚಿ, ನಲ್ಲಿಯನ್ನು ನನ್ನ ಕೈಯಲ್ಲಿ ಎತ್ತಿ ಹಿಡಿಸಿ, ನೀರಿಲ್ಲದ ಆ ನಲ್ಲಿಯನ್ನು ಮೊಣಕೈಯಿಂದ ತೆರೆದು ಮುಚ್ಚಿ, ಬಸ್ಸಿಗೆ ಕಾಯುತ್ತಿದ್ದ ಸಮಸ್ತರಿಗೂ ಪ್ರದರ್ಶನ ಕೊಟ್ಟರು. "ಭಾರಿ ಆಯ್ತು ಮಾರಾಯ್ರೆ!" ಎಂದು ಕೆಲವರು ತಲೆದೂಗಿದರು. ಒಬ್ಬರು ತಾವೂ ಒಮ್ಮೆ ತಳ್ಳಿ ನೋಡಿದರು.

ನಲ್ಲಿ ಕೂರಿಸಿದೆವು. ಅತ್ತೆಯನ್ನು ಕರೆದೆವು. ಅವಳು ಬಂದು ನಿಂತಾಗ ನಮ್ಮೆಲ್ಲರ ಉಸಿರು ಒಂದು ಕ್ಷಣ ನಿಂತು, ಆಮೇಲೆ ನಿಟ್ಟುಸಿರಾಯಿತು. ಚಿಕ್ಕಯ್ಯ ಆರಡಿಯ ಆಳು. ಸಿಂಕನ್ನು ತಮ್ಮ ಅಳತೆಗೆ ಕೂರಿಸಿದ್ದರು. ಅತ್ತೆ ಗಿಡ್ಡ. ಹೊಸ ನಲ್ಲಿಯ ಕತ್ತು ಹಳೆಯದಕ್ಕಿಂತ ಉದ್ದ ಬೇರೆ. ಆ ಹಿಡಿ ಅವಳ ಕಿವಿಯ ಮಟ್ಟಕ್ಕೆ ಬರುತ್ತಿತ್ತು. ಅದನ್ನು ಮೊಣಕೈಯಿಂದ ಮುಟ್ಟಬೇಕಾದರೆ ಅವಳು ಭರತನಾಟ್ಯ ಕಲಿಯಬೇಕಿತ್ತು.

"ಸಿಂಕು ಇಳಿಸು," ಎಂದರು ಚಿಕ್ಕಯ್ಯ.

"ನಾಡಿದ್ದು ಪೂಜೆ! ಸಿಮೆಂಟು ಒಣಗದು ಯಾವಾಗ?" ಎಂದಳು ಅಮ್ಮ.

"ಇಳಿಸು ಅಂದೆ!"

ಅತ್ತೆಯನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಅವಳ ಮೊಣಕೈಯ ಮಟ್ಟಕ್ಕೆ ಇದ್ದಲಿನಿಂದ ಗೆರೆ ಎಳೆದೆವು. ಜನ್ಮದಲ್ಲಿ ಯಾರೂ ಅವಳ ಅಳತೆಗೆ ಏನನ್ನೂ ಮಾಡಿದ್ದಿರಲಿಲ್ಲ. ರವಿಕೆಯೂ ಎರಡು ಕೈಯವರ ಅಳತೆಯದ್ದೇ. "ಸರಿ ನೋಡಿ ಎಳೀರಿ, ಆಮೇಲೆ ಗಿಡ್ಡ ಆಯ್ತು ಉದ್ದ ಆಯ್ತು ಅನ್ಬೇಡಿ," ಎಂದು ಗದರುತ್ತ, ಮಿಸುಕದೆ ನಿಂತಿದ್ದಳು. ಮುಖ ಮಾತ್ರ ಮದುವಣಗಿತ್ತಿಯದ್ದಾಗಿತ್ತು. ಸಿಂಕು ಇಳಿಯಿತು. ನಲ್ಲಿ ಇಳಿಯಿತು. ಹಿಡಿ ಬಲಗಡೆಗೆ ಬಂತು. ಒಣಗುವವರೆಗೂ ಯಾರೂ ಮುಟ್ಟಬಾರದೆಂದು ಆಜ್ಞೆಯಾಯಿತು. ಚಿಕ್ಕಯ್ಯ ಒಬ್ಬರೇ ಆಗಾಗ ಬಂದು ಸಿಮೆಂಟನ್ನು ಬೆರಳಿಂದ ಒತ್ತಿ, ಒಣಗಿಲ್ಲವೆಂದು ಬೈದು, ಹೋಗುತ್ತಿದ್ದರು. ಅವರು ಒತ್ತದೇ ಇದ್ದಿದ್ದರೆ ಬೇಗ ಒಣಗುತ್ತಿತ್ತೆಂದು ನನ್ನ ಅಭಿಪ್ರಾಯ.

ಅವತ್ತು ಸಂಜೆ ಅಮ್ಮ ಒಂದು ಗಂಭೀರ ಪ್ರಶ್ನೆ ಎತ್ತಿದಳು. "ಅತ್ತಿಗೆ, ಮೊಣಕೈ ಎಂಜಲಲ್ವಾ? ಅದೂ ಬಲಗೈದೇ ಅಲ್ವಾ?"

ಇಷ್ಟೆಲ್ಲ ಆದಮೇಲೆ ಕಾನೂನು ಅಡ್ಡ ಬಂದರೆ? ಅತ್ತೆ ಎಲೆಯಡಿಕೆ ಮೆಲ್ಲುತ್ತ ಬಹಳ ಹೊತ್ತು ವಿಚಾರ ಮಾಡಿದಳು. ಆಮೇಲೆ ತೀರ್ಪು ಕೊಟ್ಟಳು: "ಎಂಜಲು ಮಣಿಕಟ್ಟಿಗೆ ನಿಲ್ತದೆ. ಅದರಿಂದ ಮೇಲೆ ಮಡಿ. ಶೀನನದ್ದು ಬಿಟ್ಟು."

ಇದರಲ್ಲಿ ಯಾರಿಗೂ ತಕರಾರಿರಲಿಲ್ಲ. ಚಿಕ್ಕಯ್ಯ ಸಾರನ್ನ ಉಣ್ಣುವಾಗ ಸಾರು ಅವರ ಅಂಗೈಯಲ್ಲಿ ಹುಟ್ಟಿ, ಮಣಿಕಟ್ಟು ದಾಟಿ, ಮೊಣಕೈಯಲ್ಲಿ ಜಲಪಾತವಾಗುವುದನ್ನು ನಾವೆಲ್ಲ ಚಿಕ್ಕಂದಿನಿಂದ ಕಂಡವರೇ.

ಪೂಜೆಯ ದಿನ ಬಂತು. ಕಥೆ ಓದಿದ್ದು ಯಾರು ಕೇಳಿದರೋ ಕಾಣೆ. ನಮ್ಮ ಕಿವಿ ಅಲ್ಲಿದ್ದರೂ ಕಣ್ಣು ಊಟದ ಜಗಲಿಯ ಮೂಲೆಯಲ್ಲಿತ್ತು. ಅತ್ತೆ ಪಂಕ್ತಿಯ ತಲೆಗೆ ಬಂದು ಕೂತಳು. ಎಷ್ಟು ದಿನದ ಮೇಲೆ! ಬಡಿಸುವವರಲ್ಲಿ ನಾನೂ ಒಬ್ಬ, ಚಿಕ್ಕಯ್ಯನೂ ಒಬ್ಬರು. ಅನ್ನ, ಸಾರು, ಹುಳಿ, ಮಜ್ಜಿಗೆ ಎಲ್ಲ ಆಯಿತು. ಎಲ್ಲರ ಎಲೆಯೂ ಖಾಲಿ. ಎಲ್ಲರೂ ಅತ್ತೆಯ ಕಡೆ ನೋಡಿದರು.

ಅತ್ತೆ ನನ್ನನ್ನು ಕರೆದಳು. "ಮಾಣಿ, ಪಾಯಸ ಇನ್ನೊಂಚೂರು ತಾ."

ಬೇಕೆಂದೇ ಮಾಡಿದಳು. ನನಗೆ ಇಂದಿಗೂ ಅದರಲ್ಲಿ ಸಂಶಯವಿಲ್ಲ. ಮಜ್ಜಿಗೆಯ ಮೇಲೆ ಪಾಯಸ ಯಾರಾದರೂ ತಿನ್ನುತ್ತಾರೆಯೇ? ನಿಧಾನವಾಗಿ, ದ್ರಾಕ್ಷಿ ಹುಡುಕಿ ಹುಡುಕಿ ತಿಂದಳು. ಮಜ್ಜಿಗೆಯ ಪಾತ್ರೆ ಹಿಡಿದ ಚಿಕ್ಕಯ್ಯ ಕಂಬದಂತೆ ನಿಂತಿದ್ದರು. ಸೌಟಿನಿಂದ ಮಜ್ಜಿಗೆ ಅವರ ಕಾಲ ಮೇಲೆ ತೊಟ್ಟಿಕ್ಕುತ್ತಿದ್ದದ್ದು ಅವರಿಗೆ ಗೊತ್ತೇ ಇರಲಿಲ್ಲ.

ಅತ್ತೆ ಎದ್ದಳು. ಸೀರೆ ಸರಿಮಾಡಿಕೊಂಡು ನಡೆದಳು. ಸಿಂಕಿನ ಮುಂದೆ ನಿಂತಳು. ಬಲ ಮೊಣಕೈ ಎತ್ತಿ ಹಿಡಿಗೆ ತಾಗಿಸಿದಳು. ಗೋಡೆಯ ಹಸಿ ಸಿಮೆಂಟಿನಿಂದ ಸಣ್ಣದೊಂದು ಚೂರು ಕಳಚಿ ಬಿತ್ತು. ಚಿಕ್ಕಯ್ಯ ಕಣ್ಣು ಮುಚ್ಚಿಕೊಂಡರು.

ನೀರು ಬಂತು.

ಹಿತ್ತಲ ಕಲ್ಲಿನ ಮೇಲೆ ಬೀಳುತ್ತಿದ್ದದ್ದೂ ಅದೇ ಗುಡ್ಡದ ನೀರು, ಅದೇ ತಂಪು. ಅತ್ತೆ ಬೆರಳು ಬೆರಳು ಬಿಡಿಸಿ ತೊಳೆದಳು. ಬಾಯಿ ಮುಕ್ಕಳಿಸಿದಳು. ಮೊಣಕೈಯಿಂದ ನಲ್ಲಿ ಮುಚ್ಚಿದಳು. ತಿರುಗಿ ಇಡೀ ಪಂಕ್ತಿಗೆ, "ಇನ್ನೂ ಕೂತಿದೀರಲ್ಲ? ಏಳಿ ಏಳಿ, ಕೈ ಒಣಗ್ತದೆ," ಎಂದಳು.

ಎಲ್ಲರೂ ಒಮ್ಮೆಲೇ ಎದ್ದರು. ಉದ್ದದವರೆಲ್ಲ ಆ ತಗ್ಗಿನ ಸಿಂಕಿನ ಮುಂದೆ ನಡು ಬಗ್ಗಿಸಿ ಕೈ ತೊಳೆದರು. ಅತ್ತೆ ಪಕ್ಕದಲ್ಲೇ ನಿಂತಿದ್ದಳು, ನಮಸ್ಕಾರ ಸ್ವೀಕರಿಸುವ ಗುರುಗಳ ಹಾಗೆ. ವಸ್ತಾರೆಯ ಹಿರಿಯಮ್ಮ ಒಬ್ಬರು ಎಡಗೈಯಿಂದ ನಲ್ಲಿಯ ತಲೆ ಹುಡುಕಿ ಸಿಗದೆ ಕಂಗಾಲಾಗಿ ನಿಂತರು. "ಹಾಗಲ್ಲ ಮಾರಾಯ್ತಿ, ಮೊಣಕೈ, ಮೊಣಕೈ!" ಎಂದು ಅತ್ತೆ ಕಲಿಸಿಕೊಟ್ಟಳು. ಅವತ್ತು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಅದೊಂದು ಶಾಲೆಯೇ ನಡೆಯಿತು. ನೆಂಟರ ಮಕ್ಕಳು ಉಣ್ಣದೆಯೇ ಕೈ ತೊಳೆಯಲು ಸಾಲು ನಿಂತವು. ನನ್ನ ಮೊಣಕೈಗೂ ದೀಕ್ಷೆ ಸಿಕ್ಕಿದ್ದು ಅಂದೇ. ಆಮೇಲೆ ಯಾವ ಊರಿನ ಯಾವ ನಲ್ಲಿ ಕಂಡರೂ ಮೊದಲು ಏಳುವುದು ಅದೇ.

ಬಡಿಸುವವರ ಪಂಕ್ತಿ ಎಲ್ಲರಿಗಿಂತ ಕೊನೆಗೆ. ಚಿಕ್ಕಯ್ಯ ಬೆಳಗ್ಗಿನಿಂದ ಹಸಿದಿದ್ದವರು, ಖುಷಿಯೂ ಸೇರಿ, ಸಾರನ್ನ ಹಾಕಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಉಂಡು ಎದ್ದು, ಜಯಶಾಲಿಯ ನಡಿಗೆಯಲ್ಲಿ ಸಿಂಕಿಗೆ ಬಂದು, ತಾವೇ ತರಿಸಿದ, ತಾವೇ ಕೂರಿಸಿದ ಆ ನಲ್ಲಿಯ ಹಿಡಿಗೆ ಮೊಣಕೈ ಎತ್ತಿದರು.

"ಏಯ್ ಶೀನ!"

ಚಿಕ್ಕಯ್ಯನ ಮೊಣಕೈ ಗಾಳಿಯಲ್ಲೇ ನಿಂತಿತು. ಅದರ ತುದಿಯಿಂದ ಒಂದು ತೊಟ್ಟು ಸಾರು ಜಗಲಿಯ ಮೇಲೆ ಬಿತ್ತು.

"ಎಂಜಲು ಮೊಣಕೈ," ಎಂದಳು ಅತ್ತೆ, ಒಳಗಿನಿಂದ ಬರುತ್ತ. "ಸರಿ ಆಚೆ. ಕೈ ಹಿಡಿ. ನಾನೇ ತೆಗೀತೀನಿ."

ಮೊಣಕೈಯಿಂದ ಹಿಡಿ ತಳ್ಳಿದಳು. ಚಿಕ್ಕಯ್ಯ ಎಳೆ ಮಗುವಿನಂತೆ ಎರಡೂ ಕೈ ಒಡ್ಡಿ ನಿಂತರು. ಕೈಯ ಸಾರೆಲ್ಲ ಹೋಯಿತು, ಮೊಣಕೈಯದ್ದೂ ಹೋಯಿತು. ಅವರು ಕೈ ತೆಗೆಯಲಿಲ್ಲ, ಅತ್ತೆ ನಲ್ಲಿ ಮುಚ್ಚಲಿಲ್ಲ.